ಗೂಗಲ್ ದಂಡೆಯಲ್ಲಿ ಹರಿಗೋಲು ಹೆಣೆಯುವವರಿಗೆ

ಕಿಟ್ ತರಿಸಿ, ಹಲಗೆ ಜೋಡಿಸಿ ಹಾಯಿದೋಣಿ ಕಟ್ಟುವ ಆಸೆಯೇ? ದೇವದುರ್ಗದ ಗೂಗಲ್‌ನಲ್ಲಿ ಕೃಷ್ಣೆಗೆ ಒಗ್ಗಿದ್ದು ಹರಿಗೋಲು. ಮೊದಲು ಅದನ್ನೇ ಹೆಣೆಯಿರಿ. ಬಿದಿರು ಸೀಳುವಾಗ ಅವಸರ ಬೇಡ. ಪ್ರತಿ ದಬ್ಬೆಯ ಅಂಚನ್ನೂ ಬೆರಳಿನಿಂದ ಸವರಿ ನೋಡಿ. ಸಿಬಿರು ಉಳಿದರೆ ಅದೇ ಹೊದಿಕೆಯನ್ನು ಚುಚ್ಚುತ್ತದೆ. ನನ್ನದು ಸೋರಿದ್ದೇ ಹಾಗೆ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ತಾಡಪತ್ರಿ, ಮೇಲೊಂದು ಕೈ ಡಾಂಬರು. ಹುಟ್ಟು ಹಾಕಿದರೆ ಗರಗರ ತಿರುಗುತ್ತದೆ, ಗಾಬರಿಯಾಗಬೇಡಿ: ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಈ ತಿರುಗಾಟವನ್ನು ಬರೆದಿಟ್ಟಿದ್ದಾನೆ. ಲೈಫ್ ಜಾಕೆಟ್ ಇಲ್ಲದೆ ಹತ್ತಲೇಬೇಡಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟ ದಿನ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಸುಮ್ಮನೆ ಮನೆಗೆ ನಡೆಯಿರಿ.