ಬೀಗ ಯಾರದು, ಅದನ್ನು ನೋಡಿ

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಮೊನ್ನೆ ಭಾನುವಾರ ಕಂಪ್ಯೂಟರಿಗೆ ಫುಲ್ ಸ್ಕ್ಯಾನ್ ಹಾಕಿದೆ. ‘ವೈರಸ್ ಸಿಕ್ಕಿಲ್ಲ’ ಎಂದು ಬಂತು. ಆದರೆ ಅದರ ಕೆಳಗೇ ‘27 ಫೈಲುಗಳನ್ನು ಸ್ಕ್ಯಾನ್ ಮಾಡಲಾಗಲಿಲ್ಲ’ ಎಂಬ ಎಚ್ಚರಿಕೆ! ಕೆಲವಕ್ಕೆ ಪಾಸ್‌ವರ್ಡ್ ಇದೆಯಂತೆ, ಕೆಲವನ್ನು ಬೇರೆ ಪ್ರೋಗ್ರಾಂ ಬಳಸುತ್ತಿದೆಯಂತೆ, ಒಂದಂತೂ ‘ಡಿಕಂಪ್ರೆಷನ್ ಬಾಂಬ್’ ಅಂತೆ. ರಿಪೇರಿಯವರು ‘ಒಳಗೆ ವೈರಸ್ ಅಡಗಿದೆ, ಫಾರ್ಮ್ಯಾಟ್ ಮಾಡಿಸಿಬಿಡಿ’ ಎನ್ನುತ್ತಾರೆ. ಹತ್ತು ವರ್ಷದ ಲಗ್ನಪತ್ರಿಕೆ ಡಿಸೈನುಗಳು ಅದರಲ್ಲೇ ಇವೆ. ಎರಡು ದಿನದಿಂದ ಅಂಗಡಿ ಬಾಗಿಲು ತೆಗೆದಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಫಾರ್ಮ್ಯಾಟ್ ಮಾಡಿಸಬೇಡಿ. ನೀವು ಬರೆದದ್ದನ್ನು ನೋಡಿದರೆ ಅದರ ಅಗತ್ಯ ಕಾಣುವುದಿಲ್ಲ.

ಕರೆಂಟ್ ಬಿಲ್ ಬರೆಯಲು ಬಂದವರು ಮನೆಗೆ ಬೀಗ ಕಂಡರೆ ‘ಡೋರ್ ಲಾಕ್’ ಎಂದು ನಮೂದಿಸಿ ಮುಂದಿನ ಮನೆಗೆ ಹೋಗುತ್ತಾರೆ. ಹಾಗೆ ಬರೆದರೆಂದು ನೀವು ಕರೆಂಟ್ ಕದ್ದಿದ್ದೀರಿ ಎಂದೇನೂ ಅಲ್ಲ. ಮೀಟರ್ ನೋಡಲಾಗಲಿಲ್ಲ, ಅಷ್ಟೇ. ಆಂಟಿವೈರಸ್ ಹೇಳುತ್ತಿರುವುದೂ ಇದನ್ನೇ. ವೈರಸ್ ಸಿಕ್ಕಿದ್ದರೆ ಅದರ ಹೆಸರು ಹೇಳಿ, ಫೈಲನ್ನು ಕ್ವಾರಂಟೈನ್‌ಗೆ ಹಾಕುತ್ತಿತ್ತು. ಹಾಗಂತ ನೋಡದ ಫೈಲು ಶುದ್ಧ ಎಂದು ಅದು ಸರ್ಟಿಫಿಕೇಟನ್ನೂ ಕೊಟ್ಟಿಲ್ಲ. ಆದ್ದರಿಂದ ಪಟ್ಟಿಯನ್ನು ಮತ್ತೆ ತೆರೆದು, ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಹಾಕಿ: ಈ ಬೀಗ ಯಾರದು?

ಮೊದಲನೆಯದು ವಿಂಡೋಸ್ ಹಾಕಿದ ಬೀಗ. ಸಿ ಡ್ರೈವಿನ ‘ಪೇಜ್‌ಫೈಲ್ ಡಾಟ್ ಸಿಸ್’, ‘ಹೈಬರ್‌ಫಿಲ್ ಡಾಟ್ ಸಿಸ್’ ನಿಮ್ಮ ಪಟ್ಟಿಯಲ್ಲೂ ಇರಬಹುದು. ಫೋಟೊಶಾಪ್, ಕೋರೆಲ್‌ಡ್ರಾ, ಬ್ರೌಸರ್ ಎಲ್ಲ ಒಟ್ಟಿಗೆ ತೆರೆದು ರ್‍ಯಾಮ್ ಸಾಲದೆ ಬಂದಾಗ ವಿಂಡೋಸ್ ಹೆಚ್ಚಿನ ಹೊರೆ ಇಳಿಸಿಡುವ ಜಾಗ ಪೇಜ್‌ಫೈಲ್. ಹೈಬರ್ನೇಟ್ ಮಾಡಿದಾಗ ಮೆಮೊರಿಯಲ್ಲಿದ್ದುದನ್ನು ಬರೆದಿಡುವುದು ಹೈಬರ್‌ಫಿಲ್. ಕಂಪ್ಯೂಟರ್ ಓಡುತ್ತಿರುವಷ್ಟು ಹೊತ್ತೂ ಇವುಗಳನ್ನು ವಿಂಡೋಸ್ ಬೇರೆಯವರ ಕೈಗೆ ಬಿಡುವುದಿಲ್ಲ. ಇವನ್ನು ಡಿಲೀಟ್ ಮಾಡಲು ಹೋಗಬೇಡಿ. ಅನುಮಾನ ಉಳಿದರೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಹುಡುಕಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ತಪಾಸಣೆ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ತೆರೆದಿರುವ ಕೆಲಸ ಸೇವ್ ಮಾಡಿಕೊಂಡು ಒತ್ತಿ.

‘ಬಾಂಬ್’ ಎಂಬ ಪದವೇ ನಿಮ್ಮ ನಿದ್ದೆ ಕೆಡಿಸಿರಬೇಕು. ‘42 ಡಾಟ್ ಜಿಪ್’ ಎಂಬ ಕುಖ್ಯಾತ ಫೈಲೊಂದಿದೆ. ಗಾತ್ರ ಬರೀ 42 ಕಿಲೋಬೈಟ್. ಪದರ ಪದರವಾಗಿ ಪೂರ್ತಿ ಬಿಚ್ಚಿದರೆ ಸುಮಾರು 4.5 ಪೆಟಾಬೈಟ್, ಅಂದರೆ ಒಂದು ಟಿಬಿಯ ನಾಲ್ಕು ಸಾವಿರಕ್ಕೂ ಹೆಚ್ಚು ಹಾರ್ಡ್‌ಡಿಸ್ಕ್ ಬೇಕು. ಅಂಥದ್ದನ್ನು ಬಿಚ್ಚಲು ಹೋಗಿ ಆಂಟಿವೈರಸ್ಸೇ ಸುಸ್ತಾಗಿ ಬೀಳಲಿ ಎಂಬುದು ಮಾಡಿದವರ ಉಪಾಯ. ಹಾಗಾಗಿ ವಿಪರೀತ ಕುಗ್ಗಿಸಿದ ಫೈಲು ಕಂಡರೆ ಈಗಿನ ಕೆಲವು ಆಂಟಿವೈರಸ್‌ಗಳು ‘ಬಾಂಬ್’ ಎಂದು ಬರೆದು ಪಕ್ಕಕ್ಕೆ ಸರಿಯುತ್ತವೆ. ದೊಡ್ಡ ಸಾಫ್ಟ್‌ವೇರಿನ ಇನ್‌ಸ್ಟಾಲರ್, ಹಳೆಯ ಬ್ಯಾಕಪ್ ಕೂಡ ಹೀಗೆ ಸಿಕ್ಕಿಬೀಳುವುದುಂಟು. ಆ ಫೈಲು ನೀವೇ ತಂದಿಟ್ಟದ್ದೋ, ಎಲ್ಲಿಂದಲೋ ಬಂದದ್ದೋ ನೋಡಿ. ಗುರುತೇ ಇಲ್ಲದಿದ್ದರೆ, ಅದು ಸಿಸ್ಟಂ ಫೋಲ್ಡರಿನದಲ್ಲ ಎಂದು ಖಚಿತವಾದರೆ, ಬಿಚ್ಚದೆ ಅಳಿಸಿ.

ನಿಜವಾಗಿ ಹೆದರಬೇಕಾದದ್ದು ಅಪರಿಚಿತರ ಬೀಗಕ್ಕೆ. ಎಮೋಟೆಟ್ ಎಂಬ ಮಾಲ್‌ವೇರಿನ ಜಾಲವನ್ನು 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಕೆಡವಿದರು. ಅದಕ್ಕೆ ಮುಂಚೆ ಅದು ಹರಡಿದ ಒಂದು ದಾರಿ ಪಾಸ್‌ವರ್ಡ್ ಇರುವ ಜಿಪ್ ಫೈಲು. ಪಾಸ್‌ವರ್ಡನ್ನು ಅದೇ ಇಮೇಲಿನಲ್ಲಿ ಬರೆದಿರುತ್ತಿದ್ದರು: ಯಂತ್ರಕ್ಕೆ ಬೀಗ, ಮನುಷ್ಯನಿಗೆ ಕೀಲಿ! ಗೊತ್ತಿಲ್ಲದವರು ಬೀಗವನ್ನೂ ಕೀಲಿಯನ್ನೂ ಒಟ್ಟಿಗೆ ಕಳಿಸಿದರೆ ಆ ಫೈಲು ಮುಟ್ಟಬೇಡಿ. ಗಿರಾಕಿಯೇ ತಂದ ಜಿಪ್ ಆದರೆ ಒಂದು ಖಾಲಿ ಫೋಲ್ಡರಿಗೆ ಬಿಚ್ಚಿ. ಒಳಗಿನದನ್ನು ತೆರೆಯುವ ಮೊದಲು ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡಿ. ಬೀಗ ತೆಗೆದ ಮೇಲೆ ಆಂಟಿವೈರಸ್ಸಿಗೂ ಒಳಗಿನದು ಕಾಣುತ್ತದೆ. ಫೈಲಿನ ಹೆಸರು ಪೂರ್ತಿ ಕಾಣುವಂತೆ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿಡಿ. ಲಗ್ನಪತ್ರಿಕೆಯ ಫೋಟೊ ಎಂದು ಬಂದದ್ದು ‘ಡಾಟ್ ಇಎಕ್ಸ್‌ಇ’ ಎಂದು ಮುಗಿದರೆ ಅದು ಫೋಟೊ ಅಲ್ಲ.

ಇನ್ನು ಗಿರಾಕಿಗಳ ಬೀಗ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಜಿಪ್ ಆಗಿಯೇ ಇಳಿಯುತ್ತದೆ, ಗಿರಾಕಿ ಆರಿಸಿದ ಶೇರ್ ಕೋಡ್ ಇಲ್ಲದೆ ತೆರೆಯುವುದಿಲ್ಲ. ಪಾಸ್‌ವರ್ಡ್ ಇರುವ ಇ-ಆಧಾರ್ ಪಿಡಿಎಫ್‌ಗಳನ್ನೂ ಕೆಲವು ಆಂಟಿವೈರಸ್‌ಗಳು ಈ ಪಟ್ಟಿಗೆ ಸೇರಿಸುತ್ತವೆ. ಪ್ರಿಂಟ್ ತೆಗೆದುಕೊಟ್ಟ ಮೇಲೂ ಇಂಥ ಫೈಲುಗಳು ನಿಮ್ಮ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದುಬಿಟ್ಟಿವೆ ಎಂದೇ ನನ್ನ ಊಹೆ. ಇವುಗಳಿಂದ ನಿಮ್ಮ ಕಂಪ್ಯೂಟರಿಗೆ ಅಪಾಯವಿಲ್ಲ. ಅಪಾಯ ಆ ಗಿರಾಕಿಗಳಿಗೆ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಊರಲ್ಲಿ ಯಾರ ಹೆಸರು, ಯಾರ ವಯಸ್ಸು ಯಾರಿಗೆ ಗೊತ್ತಿಲ್ಲ? ಖಾತ್ರಿಗೆಂದು ಇವನ್ನು ಇಂಟರ್‌ನೆಟ್ಟಿನ ಸ್ಕ್ಯಾನರುಗಳಿಗೂ ಹಾಕಬೇಡಿ; ವೈರಸ್‌ಟೋಟಲ್‌ನಂಥ ಕಡೆ ಹಾಕಿದ ಫೈಲು ಬೇರೆ ಕಂಪನಿಗಳ ಕೈಗೂ ಹೋಗುತ್ತದೆ.

ಡಿಸೈನುಗಳನ್ನು ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕ್ ಕಳಚಿ ಬೀರುವಿನಲ್ಲಿಡಿ. ಆಮೇಲೆ ಗಿರಾಕಿಗಳ ಆಧಾರ್ ಫೈಲುಗಳನ್ನು ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ. ನಾಳೆ ಬೆಳಿಗ್ಗೆ ಎಂದಿನಂತೆ ಅಂಗಡಿ ತೆಗೆಯಿರಿ. ಇನ್ನು ಮೇಲೆ ಪ್ರಿಂಟ್ ಗಿರಾಕಿಯ ಕೈ ಸೇರಿದ ತಕ್ಷಣ ಫೈಲು ಅವರ ಎದುರಿಗೇ ಅಳಿಸಿ.