ಪಾತ್ರಗಳ ಗುಣಾಂಕವೂ ವರ್ಗವೂ

ಕಂಪ್ಯೂಟರಿನ ಸಾಹಸದಾಟಗಳಲ್ಲಿ ಆಡುವವನು ಒಂದು ಪಾತ್ರವನ್ನು ಧರಿಸುವನಷ್ಟೆ. ಆ ಪಾತ್ರದ ಬಲ, ಬುದ್ಧಿ, ಚುರುಕುತನಗಳನ್ನು ಅಂಕೆಗಳಿಂದ ಅಳೆಯುವ ಕ್ರಮವು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಎಂಬ ಮೇಜಿನಾಟದಿಂದ ಬಂದುದು. ಅಲ್ಲಿ ಆಗ ಒಂದೊಂದು ಗುಣಕ್ಕೂ ಮೂರು ದಾಳಗಳನ್ನು ಉರುಳಿಸಬೇಕಿತ್ತು. ನಾವೇ ಲೆಕ್ಕ ಹಾಕಿ ನೋಡೋಣ. ಮೂರು ದಾಳಗಳು 216 ಬಗೆಯಾಗಿ ಬೀಳಬಲ್ಲವು. ಅವುಗಳಲ್ಲಿ 10 ಅಥವಾ 11 ಬರುವ ಬಗೆಗಳು 54, 18 ಬರುವ ಬಗೆ ಒಂದೇ ಒಂದು. ಆದುದರಿಂದ ಸಾಮಾನ್ಯರು ಬಹುಮಂದಿ, ಮಹಾವೀರರು ವಿರಳ. ಲೋಕದ ರೀತಿಯೂ ಹೀಗೆಯೇ ಅಲ್ಲವೆ!

ಗುಣಗಳ ಅಂಕೆಗೆ ತಕ್ಕಂತೆ ವರ್ಗ. 1981ರ 'ವಿಝಾರ್ಡ್ರಿ' ಎಂಬ ಕಂಪ್ಯೂಟರ್ ಆಟದಲ್ಲಿ ಆರು ಮಂದಿಯ ತಂಡವೊಂದು ನೆಲಮಾಳಿಗೆಗೆ ಇಳಿಯುತ್ತದೆ. ಯೋಧನಿಗೆ ಕವಚವುಂಟು, ಮಂತ್ರವಿಲ್ಲ. ಮಾಂತ್ರಿಕನಿಗೆ ಮಂತ್ರವುಂಟು, ಪೆಟ್ಟು ತಾಳುವ ಮೈಯಿಲ್ಲ. ಗಾಯ ಮಾಯಿಸಲು ಪುರೋಹಿತ ಬೇಕು. ನಿಧಿಪೆಟ್ಟಿಗೆಯ ಕುತಂತ್ರವನ್ನು ಬಿಡಿಸಲು ಕಳ್ಳನ ಕೈಯೇ ಲೇಸು. ವರ್ಗಗಳನ್ನು ರಚಿಸುವವನು ಏನನ್ನು ಕೊಡಬೇಕೆಂಬುದಕ್ಕಿಂತ ಏನನ್ನು ಕೊಡಬಾರದೆಂಬುದನ್ನೇ ಮೊದಲು ಯೋಚಿಸಬೇಕೆಂದು ನಮಗೆ ತೋರುತ್ತದೆ. ಎಲ್ಲವನ್ನೂ ಬಲ್ಲವನೊಬ್ಬನಿದ್ದರೆ ಉಳಿದ ಐವರು ಏತಕ್ಕೆ? ಮಾಂತ್ರಿಕ, ಪುರೋಹಿತರಿಬ್ಬರ ಮಂತ್ರಗಳನ್ನೂ ಕಲಿಯುವ ಬಿಷಪ್ ಎಂಬ ವರ್ಗವೇನೋ ಅಲ್ಲಿದೆ; ಆದರೆ ಅವನ ಕಲಿಕೆ ಅವರಿಬ್ಬರದಕ್ಕಿಂತಲೂ ನಿಧಾನ.