ಒಣಚರ್ಮದ ಆರೈಕೆಯೂ ಕೊರಿಯಾದ ಮುಖದ ಹಾಳೆಯೂ

ಧನುರ್ಮಾಸದ ಚಳಿಗಾಳಿ ಬೀಸತೊಡಗಿತೆಂದರೆ ನಮ್ಮ ಮಕ್ಕಳ ತುಟಿ, ಕೆನ್ನೆ, ಮೊಣಕೈಗಳು ಬಿರಿಯಲಾರಂಭಿಸುತ್ತವೆ. ಉಗುರಿನಿಂದ ಗೀರಿದರೆ ಬಿಳಿಯ ಗೆರೆ ಮೂಡುತ್ತದೆ. ಹಿಂದೆ ಅಜ್ಜಿಯರು ಅಂಗೈಯಲ್ಲಿ ತೆಂಗಿನೆಣ್ಣೆ ಸುರಿದುಕೊಂಡು ಸವರಿ ಶಾಲೆಗೆ ಕಳುಹಿಸುತ್ತಿದ್ದರು. ಈಗಿನ ಮನೆಗಳಲ್ಲಿ ಆ ಎಣ್ಣೆಯ ಪಕ್ಕದಲ್ಲಿಯೇ ಕೊರಿಯಾ ದೇಶದ ‘ಶೀಟ್ ಮಾಸ್ಕ್’ ಎಂಬ ಲಕೋಟೆಯೂ ಕಾಣಿಸಿಕೊಂಡಿದೆ. ಕಣ್ಣು, ಮೂಗು, ಬಾಯಿಗಳಿಗೆ ಕಿಂಡಿ ಬಿಟ್ಟು, ಮುಖದ ಆಕಾರಕ್ಕೆ ಕತ್ತರಿಸಿ, ದ್ರವದಲ್ಲಿ ನೆನೆಸಿಟ್ಟ ತೆಳುವಾದ ಹಾಳೆಯಿದು.

ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಮೊದಲು ಹೇಳುತ್ತೇವೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಪಾತ್ರ ವಹಿಸಬೇಕಾಗಿತ್ತು. ಬಿರಿದ ಕೆನ್ನೆಗಳನ್ನು ಕಂಡು ಕುಗ್ಗಿ, ಹಿಂದಿನ ರಾತ್ರಿ ಇಂತಹ ಹಾಳೆಯೊಂದನ್ನು ಮುಖಕ್ಕೆ ಹಾಕಿಕೊಂಡಳು. ಕಾಲು ಗಂಟೆಯಿಂದ ಇಷ್ಟು ಲಾಭವಾದರೆ ರಾತ್ರಿಯಿಡೀ ಇಟ್ಟುಕೊಂಡರೆ ಎಷ್ಟಾದೀತು ಎಂದೆಣಿಸಿ ಹಾಗೆಯೇ ಮಲಗಿದಳು. ಬೆಳಗಾಗುವಾಗ ಹಾಳೆ ಒಣಗಿ ಹಪ್ಪಳದಂತಾಗಿತ್ತು. ಮುಖ ಕೆಂಪೇರಿ ಉರಿಯುತ್ತಿತ್ತು. ಆಕೆ ರಂಗಕ್ಕೆ ಹೋಗಲೇ ಇಲ್ಲ. ತಪ್ಪು ಆಕೆಯದೆನ್ನುವುದಕ್ಕಿಂತ, ಅದರ ತತ್ತ್ವವನ್ನು ತಿಳಿಸಿ ಹೇಳದ ಹಿರಿಯರಾದ ನಮ್ಮದೆಂದೇ ಒಪ್ಪಿಕೊಳ್ಳಬೇಕು. ಆ ಋಣವನ್ನು ತೀರಿಸುವುದಕ್ಕಾಗಿಯೇ ಈ ಪಾಠ.

ಚರ್ಮದ ಅತ್ಯಂತ ಹೊರಗಿನ ಪದರವು ನಿರ್ಜೀವ ಜೀವಕೋಶಗಳಿಂದಾದುದು. ಮುಖದಲ್ಲಿ ಅದರ ದಪ್ಪ ಮಿಲಿಮೀಟರಿನ 50ರಲ್ಲಿ 1 ಪಾಲಿಗಿಂತಲೂ ಕಡಿಮೆ. ಇದನ್ನೊಂದು ಗೋಡೆಯೆಂದು ಭಾವಿಸಿರಿ: ಕೋಶಗಳೇ ಇಟ್ಟಿಗೆಗಳು, ಅವುಗಳ ನಡುವಣ ಜಿಡ್ಡೇ ಗಾರೆ. ಗಾರೆ ಗಟ್ಟಿಯಾಗಿದ್ದರೆ ದೇಹದ ನೀರು ಒಳಗುಳಿಯುತ್ತದೆ. ಒಣಗಾಳಿ, ಅತಿ ಬಿಸಿನೀರಿನ ಸ್ನಾನ, ಕಟುವಾದ ಸಾಬೂನು ಇವು ಗಾರೆಯನ್ನು ಸಡಿಲಿಸುತ್ತವೆ. ಆಗ ನೀರು ಆವಿಯಾಗಿ ಹೋಗಿ ಚರ್ಮ ಬಿರಿಯುತ್ತದೆ.

ಹಾಗಾದರೆ ಚರ್ಮವನ್ನು ಮೃದುಗೊಳಿಸುವುದು ನೀರೋ ಎಣ್ಣೆಯೋ? 1952ರಲ್ಲಿ ಅಮೇರಿಕದ ವಿಜ್ಞಾನಿ ಅರ್ವಿನ್ ಬ್ಲ್ಯಾಂಕ್ ಎಂಬವರು ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಟ್ಟಿತು. ಒಣಗಿ ಸೆಟೆದ ಚರ್ಮದ ತುಣುಕನ್ನು ಎಣ್ಣೆಯಲ್ಲಿ ಇಟ್ಟರೂ ಅದು ಮೆತ್ತಗಾಗಲಿಲ್ಲ. ನೀರನ್ನು ಹೀರಿದಾಗ ಮಾತ್ರ ಬಾಗುವಂತಾಯಿತು. ಮೃದುತ್ವವನ್ನು ಕೊಡುವುದು ನೀರು. ಆ ನೀರು ಹಾರಿಹೋಗದಂತೆ ಕಾಯುವುದು ಜಿಡ್ಡು. ಇವೆರಡರ ಕೆಲಸ ಬೇರೆ ಬೇರೆ, ಆದರೆ ಒಂದನ್ನು ಬಿಟ್ಟು ಇನ್ನೊಂದು ಸಾಲದು.

ಕೊರಿಯಾದ ಹಾಳೆ ಮಾಡುವುದು ಇದರಲ್ಲಿ ಮೊದಲನೆಯ ಕೆಲಸವನ್ನು. ಅದರ ದ್ರವದ ಹೆಚ್ಚಿನ ಭಾಗ ನೀರೇ. ಜೊತೆಗೆ ನೀರನ್ನು ಹಿಡಿದಿಡುವ ಗ್ಲಿಸರಿನ್, ಹಯಲುರಾನಿಕ್ ಆಮ್ಲ ಮುಂತಾದವು ಇರುತ್ತವೆ. ಎರಡನೆಯದನ್ನು 1934ರಲ್ಲಿ ದನದ ಕಣ್ಣಿನಿಂದ ಮೊದಲು ಬೇರ್ಪಡಿಸಲಾಯಿತು. ಮುಖಕ್ಕೆ ಅಂಟಿದ ಹಾಳೆಯು ದ್ರವ ಬೇಗನೆ ಆರದಂತೆ ತಡೆಯುತ್ತದೆ. ಹಲವು ಲಕೋಟೆಗಳ ಮೇಲೆ ‘ಸೆಂಟೆಲ್ಲಾ’ ಅಥವಾ ‘ಸಿಕಾ’ ಎಂದು ಬರೆದಿರುತ್ತದೆ. ಅದು ಬೇರಾವುದೂ ಅಲ್ಲ, ನಮ್ಮ ಗದ್ದೆಯಂಚಿನ ಒಂದೆಲಗವೇ, ತುಳುವಿನ ತಿಮರೆ!

ಕೊರಿಯಾದಲ್ಲಿ ಈ ಆರೈಕೆಗೆ ಇಷ್ಟೊಂದು ಮನ್ನಣೆ ದೊರೆತುದಕ್ಕೆ ಅಲ್ಲಿನ ಹವೆಯೂ ಒಂದು ಕಾರಣ. ಸೈಬೀರಿಯದ ಕಡೆಯಿಂದ ಬೀಸುವ ಚಳಿಗಾಲದ ಗಾಳಿ ಬಹಳ ಒಣಗಿದುದು. ‘ಒಂದೊಲ್’ ಎಂಬ ಪದ್ಧತಿಯಂತೆ ನೆಲವನ್ನು ಬಿಸಿಮಾಡುವುದರಿಂದ ಮನೆಯೊಳಗಿನ ಗಾಳಿಯೂ ಶುಷ್ಕವಾಗುತ್ತದೆ. 1809ರಲ್ಲಿ ಯಿ ಬಿಂಗ್ಹೊಗಾಕ್ ಎಂಬ ವಿದುಷಿ ರಚಿಸಿದ ‘ಗ್ಯುಹಾಪ್ ಚೊಂಗ್ಸೊ’ ಎಂಬ ಗೃಹಕೃತ್ಯದ ಗ್ರಂಥದಲ್ಲಿಯೇ, ಮುಖ ಬಿರಿಯದಂತೆ ಮದ್ಯದಲ್ಲಿ ಮೊಟ್ಟೆಗಳನ್ನು ನೆನೆಯಿಟ್ಟು ಹಚ್ಚುವ ವಿಧಾನ ಬಂದಿದೆ. ಅದನ್ನು ನಾವು ಅನುಸರಿಸಬೇಕಾಗಿಲ್ಲ. ಚಿಂತೆ ಹಳೆಯದೆಂದು ತಿಳಿದರೆ ಸಾಕು.

ಇನ್ನು ಬಳಸುವ ಕ್ರಮ. ಮೊದಲ ಬಾರಿಗೆ ಬಳಸುವವರು ಲಕೋಟೆಯ ದ್ರವವನ್ನು ಮೊಣಕೈಯ ಒಳಮಗ್ಗುಲಿಗೆ ಹಚ್ಚಿ ಒಂದು ದಿನ ಕಾದು ನೋಡತಕ್ಕದ್ದು. ಸುಗಂಧ ಬೆರೆಸದ ಹಾಳೆಯೇ ಮೇಲು. ಮುಖವನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹಾಳೆಯನ್ನು ಹರಡಿ, 15ರಿಂದ 20 ನಿಮಿಷಗಳೊಳಗೆ, ಅದಿನ್ನೂ ತೇವವಾಗಿರುವಾಗಲೇ ತೆಗೆಯಬೇಕು. ಬಹಳ ಹೊತ್ತು ನೆನೆದರೆ ನೀರಲ್ಲಿಟ್ಟ ಬೆರಳಿನಂತೆ ಚರ್ಮ ಸಡಿಲಗೊಂಡು, ದ್ರವದಲ್ಲಿರುವ ವಸ್ತುಗಳು ಕೆರಳಿಸಲು ಎಡೆಯಾಗುತ್ತದೆ. ಉಳಿದ ದ್ರವವನ್ನು ಮೆಲ್ಲನೆ ತಟ್ಟಿ, ಕೂಡಲೇ ಮೇಲೊಂದು ಸಾಧಾರಣ ಕ್ರೀಮನ್ನು ಸವರಬೇಕು. ಈ ಕೊನೆಯ ಹೆಜ್ಜೆಯನ್ನು ಬಿಟ್ಟರೆ, ಮುಚ್ಚಳವಿಲ್ಲದ ಪಾತ್ರೆಯ ನೀರಿನಂತೆ ಎಲ್ಲವೂ ಆರಿಹೋಗುತ್ತದೆ. ಒಬ್ಬರು ಬಳಸಿದ ಹಾಳೆಯನ್ನು ಮತ್ತೊಬ್ಬರು ಬಳಸಬಾರದು. ಗಾಯ, ತುರಿ, ಇಸುಬು ಇದ್ದವರು ವೈದ್ಯರನ್ನೇ ಕಾಣಬೇಕು.

ಪೋಷಕರಿಗೆ ಒಂದು ಮಾತು. ಹಾಳೆ ಕೊಡುವ ಮೃದುತ್ವ ತಾತ್ಕಾಲಿಕವಾದುದು. ನಿತ್ಯದ ಆರೈಕೆಗೆ ಅದು ಬದಲಿಯಲ್ಲ. ಅದನ್ನು ಕೊಳ್ಳಲಾಗದ ಮನೆಯವರು ಕೊರಗಬೇಕಾಗಿಯೂ ಇಲ್ಲ. ಸ್ನಾನವಾದೊಡನೆ ಮೈ ಇನ್ನೂ ತೇವವಾಗಿರುವಾಗಲೇ ಎಣ್ಣೆ ಸವರಿದರೆ ಅದೇ ತತ್ತ್ವವನ್ನು ಪಾಲಿಸಿದಂತಾಯಿತು. ಫಿಲಿಪೈನ್ಸಿನಲ್ಲಿ 34 ಮಂದಿ ಒಣಚರ್ಮದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶುದ್ಧ ತೆಂಗಿನೆಣ್ಣೆಯು ಖನಿಜ ತೈಲದಷ್ಟೇ ಗುಣಕಾರಿಯೆಂದು ಕಂಡುಬಂದಿತು. ಆದರೆ ಮೊಡವೆಯೇಳುವ ಪ್ರಾಯದವರು ಮುಖಕ್ಕೆ ಎಣ್ಣೆ ಹಚ್ಚದೆ ಕೈಕಾಲುಗಳಿಗೆ ಮಾತ್ರ ಬಳಸುವುದು ಲೇಸು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಆರೈಕೆಯ ಗುರಿ ಮೈಬಣ್ಣವನ್ನು ಬದಲಿಸುವುದಲ್ಲ, ಚರ್ಮವನ್ನು ಸ್ವಸ್ಥವಾಗಿಡುವುದು. ಬಿಳುಪಿನ ಆಸೆ ಹುಟ್ಟಿಸುವ ಲಕೋಟೆಗೂ ಒಣಚರ್ಮದ ಆರೈಕೆಗೂ ಸಂಬಂಧವಿಲ್ಲ. ನಮ್ಮ ಮನೆಯ ಹುಡುಗಿ ಮರುವರ್ಷ ರಂಗವನ್ನೇರಿದಳು; ಕೆನ್ನೆ ಅಂದೂ ತುಸು ಬಿರಿದಿತ್ತು. ಆಕೆಯ ಮಾತು ಕೊನೆಯ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು. ಕೆನ್ನೆಯನ್ನು ಗಮನಿಸಿದವರಾರನ್ನೂ ನಾವು ಕಾಣಲಿಲ್ಲ.